ಜಾಗುರ್ ಕಲಿತ ಹೊಸ ಸ್ವರ

ನನ್ನ ತಮ್ಮ ಎಂಕೋಸ್ ಬಾಂಡುಂಗ್ ನಗರದ ಮಾರುಕಟ್ಟೆಯ ಮುಂದೆ ಗಾಡಿ ನಿಲ್ಲಿಸುವ ಕೆಲಸದವನು. ಬಾಯಲ್ಲೊಂದು ಸೀಟಿ, ಮೈಮೇಲೆ ಕಿತ್ತಳೆ ಅಂಗಿ. ಒಂದು ದಿನ ಗೊರಿಲ್ಲಾ ತಂಬಾಕು ಸೇದಿ ಬಂದವನು ನಡುರಸ್ತೆಯಲ್ಲಿ ಕೈ ಎತ್ತಿದ್ದು ಎತ್ತಿದಂತೆಯೇ ನಿಂತುಬಿಟ್ಟ. ಸ್ಕೂಟರು, ವ್ಯಾನು, ಎಲೆಕೋಸಿನ ಲಾರಿ, ಎಲ್ಲವೂ ಆ ಕೈಗೆ ಮರ್ಯಾದೆ ಕೊಟ್ಟು ನಿಂತವು. ಯಾರೋ ದೊಡ್ಡ ಅಧಿಕಾರಿ ಬರುತ್ತಾರೆಂದು ಜನ ಕಾದರು. ಅಧಿಕಾರಿ ಬರಲಿಲ್ಲ, ನಾನು ಬಂದೆ. ಕಿವಿ ಹಿಡಿದು ಎಳೆದಾಗ ಬಾಯಿಂದ ಸೀಟಿ ಬಿತ್ತು, ಅವನು ಮಾತ್ರ ಅಲುಗಲಿಲ್ಲ.

ಹೊಗೆಸೊಪ್ಪಿನ ಮೇಲೆ ಏನೋ ರಾಸಾಯನಿಕ ಸಿಂಪಡಿಸಿ ಮಾರುವ ಮಾಲು ಅದು. ಸೇದಿದರೆ ಎದೆಯ ಮೇಲೆ ಗೊರಿಲ್ಲಾ ಕೂತ ಹಾಗಾಗುತ್ತದಂತೆ. ದುಡ್ಡು ಕೊಟ್ಟು ಗೊರಿಲ್ಲಾ ಕೂರಿಸಿಕೊಳ್ಳುವ ಗಂಡಸರನ್ನು ಹೆತ್ತ ಊರು ನಮ್ಮದು.

ಅವನ ಹೆಂಡತಿ ಈಯೋಸ್ ಅಷ್ಟರಲ್ಲೇ ಪಕ್ಕದ ಓಣಿಯ ತವರಿಗೆ ಹೋಗಿಯಾಗಿತ್ತು. "ಬಿಟ್ಟೆ ಕಣೇ" ಎಂದು ಅವನು ಎಷ್ಟು ಸಲ ಆಣೆ ಇಟ್ಟಿದ್ದನೋ, ಅಷ್ಟು ಸಲವೂ ಸಂಜೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದ.

"ನಿಮ್ಮ ಬಾಯಿ ಸೀಟಿ ಊದಕ್ಕಷ್ಟೇ ಲಾಯಕ್ಕು ಕಾಂಗ್," ಎಂದು ಹೇಳಿಯೇ ಹೊರಟಿದ್ದಳು; ಸಿಟ್ಟಲ್ಲೂ ಗಂಡನನ್ನು ಕರೆಯುವುದು ಕಾಂಗ್ ಎಂದೇ. "ಬಾಯಿ ಮಾತು ಇನ್ನು ನಂಬಲ್ಲ."

ಹಾಗೆ ನೋಡಿದರೆ ಅವಳನ್ನು ಒಲಿಸಿಕೊಂಡಿದ್ದೂ ಆ ಬಾಯಿಂದಲೇ. ಮದುವೆಗೆ ಮುಂಚೆ ಅವಳ ಮನೆ ಗೋಡೆಯಾಚೆ ನಿಂತು "ಫೀ... ವಿಟ್" ಎಂದು ಶಿಳ್ಳೆ ಹಾಕುತ್ತಿದ್ದ. ಮದುವೆಯಾದ ಮೇಲೂ ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಆ ಶಿಳ್ಳೆ ಕೇಳಿದರೆ ಬಾಣಲೆಯ ಮುಂದಿದ್ದರೂ ಅವಳ ಕತ್ತು ತಿರುಗುತ್ತಿತ್ತು.

ಅವಳೂ ಹೋಗಿ, ನಡುರಸ್ತೆಯಲ್ಲಿ ಮಾನವೂ ಹೋದ ಮೇಲೆ ಎಂಕೋಸನಿಗೆ ಬುದ್ಧಿ ಬಂತು. ನಾನೂ ಎಮಾಕೂ, ಅಂದರೆ ನಮ್ಮಮ್ಮನೂ, ಅವನನ್ನು ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದೆವು. ಅಲ್ಲಿನ ವೈದ್ಯೆ ತೆತಿನ್, ಎಮಾಕ್‌ಗೆ ಅರ್ಥವಾಗುವಂತೆ ಹೇಳಿದರು.

"ಮೆದುಳಲ್ಲಿ ಸಣ್ಣ ಸಣ್ಣ ಬೀಗ ಇವೆ ಅಂದ್ಕೊಳ್ಳಿ ಎಮಾಕ್. ನಿದ್ದೆ, ಹಸಿವು, ನೆಮ್ಮದಿ ಹದವಾಗಿರೋಕೆ ಮೆದುಳೇ ಅವಕ್ಕೆ ಕೀಲಿ ಮಾಡ್ಕೊಳ್ಳುತ್ತೆ. ಗಾಂಜಾ ಆ ಬೀಗಾನ ಅರ್ಧ ತಿರುಗಿಸುತ್ತೆ. ಈ ದರಿದ್ರ ಪೂರ್ತಿ ತಿರುಗಿಸಿ ಅಲ್ಲೇ ಕಚ್ಕೊಂಡು ಕೂತ್ಕೊಳ್ಳುತ್ತೆ. ದಿನಾ ಇದೇ ಆದ್ರೆ ಮೆದುಳು ಕಾಟ ತಡೀಲಾರದೆ ಬೀಗಗಳನ್ನೇ ಕಿತ್ತು ಒಳಗಿಟ್ಕೊಳ್ಳುತ್ತೆ. ಈಗ ಸೇದೋದು ಬಿಟ್ರೆ, ಇವರದೇ ಕೀಲಿ ಹಾಕೋಕೂ ಬೀಗ ಇಲ್ಲ."

"ಅಯ್ಯೋ! ವಾಪಸ್ ಜೋಡಿಸೋರು ಯಾರು?"

"ಮೆದುಳೇ ಜೋಡಿಸ್ಕೊಳ್ಳುತ್ತೆ, ನಿಧಾನಕ್ಕೆ. ಅಲ್ಲೀವರ್ಗೂ ಬೆವರು, ವಾಂತಿ, ನಡುಕ, ಎದೆ ಡವಡವ. ನಿದ್ದೆ ಬರಲ್ಲ, ಕಂಡೋರ ಮೇಲೆಲ್ಲ ಸಿಡಿಮಿಡಿ. ದಿನಾ ಬಂದು ನೋಡ್ತೀನಿ. ಫಿಟ್ಸ್ ಬಂದ್ರೆ, ಇಲ್ಲ ಏನೇನೋ ಬಡಬಡಿಸಿದ್ರೆ, ಒಂದು ಕ್ಷಣ ಕಾಯದೆ ದೊಡ್ಡಾಸ್ಪತ್ರೆಗೆ ಓಡಿ."

"ಸಿಡಿಮಿಡಿ ಇವನಿಗೆ ಹುಟ್ಟಿದಾಗಿಂದ ಇದೆ," ಎಂದರು ಎಮಾಕ್. "ಅದಕ್ಕೆ ಯಾವ ಬೀಗಾನೋ!"

ಮನೆಯಲ್ಲಿ ಕತ್ತಲೆಯೂ ನಿಶ್ಶಬ್ದವೂ ಇರುವ ಕೋಣೆ ಒಂದೇ, ಜಾಗುರನದು. ಜಾಗುರ್ ಎಂದರೆ ಎಂಕೋಸನ ಶಾಮ ಹಕ್ಕಿ, ಉದ್ದ ಬಾಲದ್ದು. ಹಾಡಿನ ಪಂದ್ಯಕ್ಕೆ ಮುಂಚೆ ಅದರ ಪಂಜರಕ್ಕೆ ಬಟ್ಟೆ ಮುಚ್ಚಿ, ಪಕ್ಕದಲ್ಲಿ ಬೇರೆ ಹಕ್ಕಿಗಳ ಕೂಗು ಕೇಳಿಸುತ್ತೇವೆ. ಬಟ್ಟೆಯೊಳಗೆ ಮಾಡಲು ಬೇರೇನೂ ಇಲ್ಲದೆ ಅದು ಕೇಳಿದ್ದನ್ನೆಲ್ಲ ಕಲಿಯುತ್ತದೆ. ಹಾಡಿನ ನಡುವೆ ಅಪರೂಪದ ಕೂಗು ಸೇರಿಸಿದ ಹಕ್ಕಿಗೇ ಗೆದ್ದ ಗುರುತಿನ ಬಾವುಟ. ಓಣಿಯ ಕೂಸಿಗೂ ಗೊತ್ತಿರುವ ವಿಷಯ ಇದು. ಆದರೂ ಹಕ್ಕಿಯ ನೆಮ್ಮದಿ ಕೆಡಬಾರದೆಂದು ಪಂಜರವನ್ನು ಅಲ್ಲೇ ಬಿಟ್ಟು, ರೋಗಿಯನ್ನು ಅದರ ಕೆಳಗೆ ಮಲಗಿಸಿದ ಜಾಣರು ನಾವು.

ಆಮೇಲೆ ಶುರುವಾಯಿತು ನೋಡಿ. ಹಾಸಿಗೆ ಹಿಂಡಿದರೆ ನೀರು ಬರುವಷ್ಟು ಬೆವರು. ಹಲ್ಲು ಕಟಕಟ. ಗಂಜಿ ಕೊಟ್ಟರೆ "ಓ...ವ್ಯಾ" ಎಂದು ಹೊರಗೆ. "ತೇತೆ, ನೀನು ಉಸಿರಾಡೋ ಸದ್ದಿಗೆ ತಲೆ ಚಿಟ್ಟು ಹಿಡೀತಿದೆ," ಎಂದು ಒಡಹುಟ್ಟಿದ ಅಕ್ಕನನ್ನೇ ಬೈದ. "ಒಂದೇ ಒಂದು ದಮ್ಮು ತಂದ್ಕೊಡು" ಎಂದು ಕಾಲಿಗೂ ಬಿದ್ದ. ನಾನು ಬಾಗಿಲಿಗೆ ಅಡ್ಡ ಕೂತು ಬೈದೆ, ಬೈಯುತ್ತ ಅತ್ತೆ. ಹೊಟ್ಟೆಯಲ್ಲಿ ಏನೂ ಉಳಿಯದಿದ್ದಾಗ ಅವನು ಗೋಡೆಗೆ ಮುಖ ಮಾಡಿ, ನಡುಗುವ ತುಟಿಯಿಂದ ಆ ಶಿಳ್ಳೆ ಹಾಕುತ್ತಿದ್ದ. ಪಕ್ಕದ ಓಣಿಗೆ ಅದು ಕೇಳುವಂತಿರಲಿಲ್ಲ.

ನಾನೇ ಹೋಗಿ ಈಯೋಸಳಿಗೆ ಹೇಳಿದೆ. "ನೀವು ಅವರ ಅಕ್ಕ ತೇತೆ, ಇನ್ನೇನು ಹೇಳ್ತೀರಿ?" ಎಂದು ಮುಖ ತಿರುಗಿಸಿದಳು. ಮೈ ಉರಿಯಿತು. ಆದರೆ ಅವಳದೂ ತಪ್ಪಿರಲಿಲ್ಲ.

ಕೆಲವು ವಾರ ಕಳೆದು ಎಂಕೋಸ್ ಎದ್ದು ಓಡಾಡುವಂತಾದ. ನಿದ್ದೆ ಮಾತ್ರ ಇನ್ನೂ ಬೆಕ್ಕಿನದು, ಕಣ್ಣು ಮುಚ್ಚಿದರೆ ತೆರೆಯುವುದು. ಆದರೂ ಭಾನುವಾರದ ಪಂದ್ಯಕ್ಕೆ ಜಾಗುರನನ್ನು ಎತ್ತಿಕೊಂಡು ಬಂದ. ಮೈದಾನದ ಅಂಚಿನಲ್ಲಿ ಈಯೋಸ್ ಎಂದಿನಂತೆ ತರಕಾರಿ ಬೋಂಡ ಕರಿಯುತ್ತಿದ್ದಳು. ಗಂಡನನ್ನು ನೋಡಿಯೂ ನೋಡದವಳಂತೆ ಬಾಣಲೆಗೇ ಕಣ್ಣು ನೆಟ್ಟಳು.

ಬಟ್ಟೆ ತೆಗೆದರು. ಜಾಗುರ್ ಬಾಲ ಕುಣಿಸಿ ಮೊದಲು ಮರ್ಯಾದೆಯಾಗಿಯೇ ಹಾಡಿತು. ಆಮೇಲೆ "ಕಟಕಟಕಟ" ಎಂದಿತು. ಆಮೇಲೆ ಕತ್ತು ಮುಂದೆ ಚಾಚಿ, "ಓ...ವ್ಯಾ!"

ತೀರ್ಪುಗಾರ ಹಾಜಿ ಓಡಾಂಗ್ ಬಾವುಟ ಹಿಡಿದು ಓಡಿ ಬಂದರು. "ಇದೇನಪ್ಪಾ! ಯಾವ ಕಾಡಿನ ಹಕ್ಕಿ ಕೂಗಿದು? ಹುಟ್ಟಿದಾಗಿಂದ ಕೇಳಿಲ್ಲ!"

ಎಂಕೋಸ್ ಕೆಂಪು ಮೆಣಸಿನಕಾಯಿಯಾದ. "ಅದು... ನಮ್ಮ ಮನೇದೇ ಹಾಜಿ," ಎಂದ.

ಜಾಗುರ್ ಮತ್ತೊಮ್ಮೆ ಹಲ್ಲು ಕಡಿಯಿತು, ಮತ್ತೊಮ್ಮೆ ಕಕ್ಕಿತು, ನರಳಿತು. ಕೊನೆಗೆ, ನಡುಗುತ್ತ, "ಫೀ... ಫೀ... ವಿಟ್."

ಬಾಣಲೆಯ ಮುಂದಿದ್ದ ಕತ್ತು ತಿರುಗಿತು.

ಅವಳು ಮೊದಲು ಗಂಡನನ್ನು ನೋಡಿದಳು. ಅವನ ಬಾಯಿ ಮುಚ್ಚಿತ್ತು. ಆಮೇಲೆ ಹಕ್ಕಿಯನ್ನು ನೋಡಿದಳು. ಅದು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿತು, ಮತ್ತೆ ಶಿಳ್ಳೆಗೆ ಬಂದು ನಿಂತಿತು. ಬೋಂಡ ಕರಕಲಾಯಿತು. ಅವಳು ಜಾಲರಿ ಸೌಟು ಹಿಡಿದುಕೊಂಡೇ ಪಂದ್ಯದ ಹಗ್ಗ ದಾಟಿ ಬಂದಳು.

"ಇಷ್ಟು ಕಷ್ಟಪಟ್ರಾ, ಕಾಂಗ್?"

ಅವನು ತಲೆಯಾಡಿಸಿದ. ಗೆದ್ದ ಹಕ್ಕಿಯನ್ನು ಹಾಜಿ ಎಷ್ಟು ಕೇಳಿದರೂ ಮಾರಲಿಲ್ಲ.

ಸಂಜೆ ಈಯೋಸ್ ಬಾಣಲೆ ಸಮೇತ ಮನೆಗೆ ಬಂದಳು. ಬಂದವಳೇ ಪಂಜರವನ್ನು ಕೋಣೆಯಿಂದ ಜಗಲಿಗೆ ಸಾಗಿಸಲು ಹೇಳಿದಳು. ಹೇಳಿದ್ದನ್ನು ಈ ಮನೆಯಲ್ಲಿ ಯಾರು ಯಾವತ್ತು ಕೇಳಿದ್ದಾರೆ? ಮುಂದಿನ ತಿಂಗಳ ಪಂದ್ಯದಲ್ಲಿ ಜಾಗುರನಿಗೆ ಬಾವುಟ ಸಿಗಲಿಲ್ಲ. ಕಟಕಟವೂ ಇಲ್ಲ, ವಾಂತಿಯೂ ಇಲ್ಲ. ಮೈದಾನದ ಮಧ್ಯೆ ತೂಗುತ್ತ, ಉದ್ದಕ್ಕೂ, ಹಾಯಾಗಿ, ನನ್ನ ತಮ್ಮನ ಗೊರಕೆ ಹೊಡೆಯಿತು.