ನೆಟಿಕೆ ಕೇಳುವವರ ನಡುವೆ ಬೆನ್ನಕ್ಕ

ಬೆಳಕು ಇನ್ನೂ ಕಿಟಕಿಯ ಸರಳುಗಳನ್ನು ಮುಟ್ಟಿಲ್ಲ. ಹೊರಗೆ ಜಲ್ಲಿಯ ಮೇಲೆ ಒಂದು ಹೆಜ್ಜೆ ಗಟ್ಟಿಯಾಗಿ, ಇನ್ನೊಂದು ಎಳೆದುಕೊಂಡು ಬರುವ ಸದ್ದು. ಎತ್ತರದ ಮಂಚಕ್ಕೆ ಒಗೆದ ಬಟ್ಟೆ ಹಾಸುತ್ತಿರುವ ಬೆನ್ನಕ್ಕ ತಿರುಗಿಯೂ ನೋಡದೆ "ಎಡಗಾಲು" ಎನ್ನುತ್ತಾರೆ. ಎಡಗಾಲೇ. ಒಳಗೆ ಬಂದ ಗಾರೆ ಕೆಲಸದವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಾನೆ: "ಅಕ್ಕಾ, ಒಂದೇ ಒಂದು ಸಲ ಟಕ್ ಅನ್ನಿಸಿಬಿಡಿ. ಕೆಲಸಕ್ಕೆ ಹೋಗ್ಬೇಕು."

"ಟಕ್ ಅನ್ನಿಸೋಕೆ ಇದೇನು ದೀಪದ ಸ್ವಿಚ್ಚಾ? ಮಲಗಪ್ಪ, ಮೊದಲು."

ಬೆನ್ನಕ್ಕನದು ಕೈರೋಪ್ರಾಕ್ಟಿಕ್ ವೃತ್ತಿ. ಸೂಜಿ, ಕತ್ತರಿಗಳಿಲ್ಲದೆ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದಲೇ ಸಡಿಲಿಸಿ, ವ್ಯಾಯಾಮ ಹೇಳಿಕೊಡುವ ಕೆಲಸ. ಮೊದಲು ಹಿಟ್ಟಿನ ಗಿರಣಿಯಾಗಿದ್ದ ಎರಡು ಕೋಣೆಗಳೇ ಚಿಕಿತ್ಸಾಲಯ. ಹೊರಕೋಣೆಯಲ್ಲಿ ಸಾಲಾಗಿ ಕುರ್ಚಿಗಳಿವೆ, ಕೂತವರು ಯಾರೂ ಇಲ್ಲ. ಒರಗಿಸಿಟ್ಟ ಏಣಿಗಳ ಹಾಗೆ ಎಲ್ಲರೂ ಗೋಡೆಗೆ ವಾಲಿ ನಿಂತಿದ್ದಾರೆ. ಸಯಾಟಿಕಾ ಬಂದವರಿಗೆ ಕೂರುವುದೇ ಶಿಕ್ಷೆ. ಸೊಂಟದಲ್ಲಿ ಹುಟ್ಟಿ ಪೃಷ್ಠ, ತೊಡೆ ದಾಟಿ ಪಾದಕ್ಕಿಳಿಯುವ ನರ ಬುಡದಲ್ಲಿ ಒತ್ತಿಕೊಂಡರೆ ಕಾಲುದ್ದಕ್ಕೂ ಉರಿ. ಜನ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಾರೆ.

"ಒಲೆ ಇರೋದು ಒಳಗೆ, ಹೊಗೆ ಕಾಣೋದು ಸೂರಿನ ಹಂಚಿನ ಮೇಲೆ. ಇವರು ಹಂಚಿಗೆ ಎಣ್ಣೆ ಹಚ್ಕೊಂಡು ಬರ್ತಾರೆ" ಎಂದು ಬೆನ್ನಕ್ಕ ಹಣೆ ಚಚ್ಚಿಕೊಳ್ಳುತ್ತಾರೆ.

ಬೆನ್ನಕ್ಕನ ತಾಯಿ ಇಟ್ಟಿಗೆ ಹೊತ್ತವರು. ಒಂದು ಬೇಸಿಗೆಯಿಡೀ ಸೊಂಟನೋವಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅವರನ್ನು ನೋಡಿಯೇ ಮಗಳು ಈ ವಿದ್ಯೆಯ ಬೆನ್ನು ಹತ್ತಿದ್ದು. ತಾಯಿ ಈಗ ನೆಟ್ಟಗೆ ಓಡಾಡುತ್ತಾರೆ, ಬಾಯಿಯೂ ನೆಟ್ಟಗಿದೆ. "ಅಷ್ಟು ವರ್ಷ ಓದಿ ಕೊನೆಗೆ ಊರವರ ಸೊಂಟ ಒತ್ತೋದಾ?" ಎಂದು ದಿನಾ ಕೇಳುತ್ತಾರೆ. ದಿನಕ್ಕೆ ಇಪ್ಪತ್ತು ಬೆನ್ನುಗಳನ್ನಾದರೂ ಮುಟ್ಟುವ ಮಗಳ ಹೆಬ್ಬೆರಳ ಬುಡ ಊದಿಕೊಂಡಿದೆ. ಅದಕ್ಕೆ ಬಿಸಿನೀರಿನ ಶಾಖ ಕೊಡುವವರೂ ಈ ತಾಯಿಯೇ.

ನೋವಿಗಿಂತ ಹೆಚ್ಚು ದಣಿಸುವುದು ನೆಟಿಕೆಯ ಹುಚ್ಚು. "ಮೊಬೈಲಲ್ಲಿ ಯಾರೋ ಯಾರದೋ ಬೆನ್ನು ಲಟಲಟ ಅನ್ನಿಸ್ತಾನೆ. ಇವರಿಗೂ ಅದೇ ಬೇಕು. ಅದು ಕೀಲಿನೊಳಗಿನ ಗಾಳಿ ಕಣ್ರೀ! ಸದ್ದು ಬಂದ ಮಾತ್ರಕ್ಕೆ ನರ ಸರಿ ಹೋಗಲ್ಲ." ಎಲ್ಲರ ಬೆನ್ನಿಗೂ ಅವರು ಕೈ ಹಾಕುವುದೂ ಇಲ್ಲ. ಪಾದ ಎತ್ತಲಾಗದವರನ್ನು, ಮೂತ್ರದ ಹಿಡಿತ ತಪ್ಪಿದವರನ್ನು ಬಾಗಿಲಿಂದಲೇ ಆಸ್ಪತ್ರೆಗೆ ಅಟ್ಟುತ್ತಾರೆ. ಬೈದುಕೊಂಡು ಹೋದವರಿದ್ದಾರೆ.

ಈ ಶುಕ್ರವಾರ ಬೈಯುವ ಸರದಿ ಹಾಲಿನ ವ್ಯಾನಿನ ಚಾಲಕನದು. ಸೋಮವಾರ ಅವನು ಸ್ಟೇರಿಂಗ್ ಹಿಡಿಯದಿದ್ದರೆ ಮಾಲೀಕ ವ್ಯಾನನ್ನು ಇನ್ನೊಬ್ಬನಿಗೆ ಕೊಟ್ಟುಬಿಡುತ್ತಾನೆ. ಹೆಂಡತಿಯ ಭುಜ ಹಿಡಿದು ಬಂದವನ ಮುಖ ಕೆಂಡವಾಗಿದೆ.

"ಏನಕ್ಕಾ ಇದು? ಕಾಲಲ್ಲಿದ್ದ ನೋವನ್ನ ಸೊಂಟಕ್ಕೆ ಹತ್ತಿಸಿಬಿಟ್ರಲ್ಲ! ಈಗ ಸೊಂಟ ಮೊದಲಿಗಿಂತ ಜಾಸ್ತಿ ಹಿಡ್ಕೊಂಡಿದೆ. ನಮ್ಮ ಬಾಮೈದ ಒಬ್ಬನನ್ನ ಹುಡುಕಿದ್ದಾನೆ. ಬೆನ್ನಿನ ಮೇಲೆ ಹತ್ತಿ ತುಳೀತಾನಂತೆ."

"ತುಳಿಸ್ಕೋ ಹೋಗು!" ಬೆನ್ನಕ್ಕನ ಸಹನೆ ಹರಿಯುತ್ತದೆ. "ನೋವು ಪಾದ ಬಿಟ್ಟು ಸೊಂಟಕ್ಕೆ ಬಂತು ಅಂದ್ರೆ ನರ ಸಡಿಲ ಆಗ್ತಿದೆ ಅಂತ. ಬಂದ ದಾರೀಲೇ ವಾಪಸ್ ಹೋಗ್ತಿದೆ ಅದು. ಎಲ್ಲರೂ ಈ ಹಂತಕ್ಕೆ ಬಂದಾಗಲೇ ಹೆದರಿ ಓಡ್ತೀರಿ. ಇನ್ನೆಷ್ಟು ಜನಕ್ಕೆ ಹೇಳಿ ಸಾಯಲಿ ನಾನು?"

ಅವನು ಬಾಗಿಲ ಕಡೆ ತಿರುಗುತ್ತಾನೆ. ಆಗ ಹೆಂಡತಿ ದಾರಿಗೆ ಅಡ್ಡ ನಿಂತು, ಎಲ್ಲರೆದುರೇ ಅವನ ಪ್ಯಾಂಟಿನ ಕಾಲನ್ನು ಸರ್ರನೆ ಮೇಲಕ್ಕೆಳೆಯುತ್ತಾಳೆ. ಪ್ರತಿ ಸಲ ನೋವು ಎಲ್ಲಿಯವರೆಗೆ ಇಳಿದಿದೆಯೋ ಅಲ್ಲಿಗೆ ಬೆನ್ನಕ್ಕ ನೀಲಿ ಶಾಯಿಯ ಗೆರೆ ಎಳೆಯುವುದುಂಟು. ಹಿಮ್ಮಡಿಯ ಮೇಲೊಂದು, ಮೀನಖಂಡದಲ್ಲೊಂದು, ಮಂಡಿಯ ಹಿಂದೊಂದು. ಕೆಳಗಿನದು ಮಾಸಿದೆ, ಮೇಲಿನದು ಹೊಸದು.

"ನೋಡ್ರೀ, ಇಲ್ಲಿ ನೋವಿದೆಯಾ ಈಗ?" ಹೆಂಡತಿ ಹಿಮ್ಮಡಿಗೆ ಚಿವುಟುತ್ತಾಳೆ.

"ನೀನು ಚಿವುಟಿದ್ದು ನೋವಾಗ್ತಿದೆ."

ಗೋಡೆಗೊರಗಿದವರು ನಗುತ್ತಾರೆ, ಮರುಕ್ಷಣವೇ ಸೊಂಟ ಹಿಡಿದುಕೊಳ್ಳುತ್ತಾರೆ. ಚಾಲಕ ನಗದೆ ಬಾಗಿಲಿಂದ ಹಿಂದಿರುಗುತ್ತಾನೆ. ಮಂಚದ ಮೇಲೆ ಬೋರಲು ಮಲಗಿ, ಮೊಣಕೈಯೂರಿ ಎದೆ ಎತ್ತಿ, ತಲೆ ತಗ್ಗಿಸಿಕೊಂಡೇ ಕೇಳುತ್ತಾನೆ: "ಸೋಮವಾರ ಓಡಿಸಬಹುದಾ, ಅಕ್ಕಾ?"

ಬೆನ್ನಕ್ಕ ಸುಳ್ಳು ಹೇಳುವುದಿಲ್ಲ. ಓಡಿಸಬಹುದು, ಕ್ಯಾನು ಎತ್ತುವಂತಿಲ್ಲ. ಅರ್ಧ ಗಂಟೆಗೊಮ್ಮೆ ಇಳಿದು ಬೆನ್ನನ್ನು ಹಿಂದಕ್ಕೆ ಬಾಗಿಸಬೇಕು. ಇಷ್ಟನ್ನು ಮಾಲೀಕನಿಗೆ ಫೋನಿನಲ್ಲಿ ಹೇಳುವ ಹೊತ್ತಿಗೆ ಅವರ ದನಿ ಬೀದಿಗೆ ಕೇಳಿಸುತ್ತದೆ. "ಕ್ಯಾನು ಎತ್ತೋಕೆ ಡೈರಿಯವರಿದ್ದಾರಲ್ಲ ಸ್ವಾಮಿ! ಪಳಗಿದ ಚಾಲಕನನ್ನ ಕ್ಯಾನಿಗೋಸ್ಕರ ಕಳ್ಕೋತೀರಾ? ... ಒಂದು ತಿಂಗಳು. ... ಹೂಂ, ಜವಾಬ್ದಾರಿ ನನ್ನದೇ." ಫೋನಿಟ್ಟು ಮಂಚದ ಕಡೆ ತಿರುಗುತ್ತಾರೆ. "ಒಪ್ಪಿದ. ನನ್ನ ಮರ್ಯಾದೆ ನಿನ್ನ ಸೊಂಟದಲ್ಲಿದೆ, ನೋಡ್ಕೋ."

ನಿಮಗೇನು ಬೇಕು ಎಂದು ಕೇಳಿದರೆ ಬೆನ್ನಕ್ಕ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ: "ನೋವು ಮರೆತವರು ನನ್ನನ್ನೂ ಮರೀತಾರೆ. ಮರೀಲಿ, ಬೇಜಾರಿಲ್ಲ. ವ್ಯಾಯಾಮ ಒಂದನ್ನ ಮರೀದೆ ಇರಲಿ."

ಸೋಮವಾರ ಮುಂಜಾನೆ ಹಾಲಿನ ವ್ಯಾನು ಎದುರಿನ ರಸ್ತೆಯ ಬದಿಗೆ ನಿಲ್ಲುತ್ತದೆ. ಚಾಲಕ ಇಳಿದು ಸೊಂಟಕ್ಕೆ ಎರಡೂ ಕೈ ಕೊಟ್ಟು ಹಿಂದಕ್ಕೆ ಬಾಗುತ್ತಾನೆ, ನಿಧಾನವಾಗಿ, ಮತ್ತೆ ಮತ್ತೆ. ಕಿಟಕಿಯಲ್ಲಿ ನಿಂತ ಬೆನ್ನಕ್ಕನ ಮುಖ ಅರಳುತ್ತದೆ.

"ನೋಡಿದ್ರಾ? ಹೇಳಿದ್ದನ್ನ ಕೇಳಿದವನು ಇವನೊಬ್ಬನಾದ್ರೂ ಇದ್ದಾನೆ."

ಮಾತು ಮುಗಿಯುವಷ್ಟರಲ್ಲಿ ಅವನು ವ್ಯಾನಿನ ಹಿಂಬಾಗಿಲು ತೆರೆದು ಒಂದು ಕ್ಯಾನಿನ ಕಿವಿಗೆ ಕೈ ಹಾಕಿರುತ್ತಾನೆ. ಕಿಟಕಿಯ ಸರಳುಗಳು ಅದುರುವಂತೆ ಬೆನ್ನಕ್ಕ ಕೂಗುತ್ತಾರೆ:

"ಏಯ್! ಬಿಡೋ ಅದನ್ನ!"