ಮೂರನೇ ಜ್ವರದ ದಿನ ಕೆಂಪೆಲೆ ನೋಡಿದ್ದು

ಜಪಾನಿನಿಂದ ಬಂದು ಮೂರು ತಿಂಗಳಾಗುವಷ್ಟರಲ್ಲಿ ನನ್ನ ನೆನಪಿನ ಮೇಪಲ್ ಎಲೆಗಳು ಇನ್ನಷ್ಟು ಕೆಂಪಾಗಿದ್ದವು. ಅನುಮಾನ ಬಂದು ದಿನಚರಿ ತೆಗೆದು ನೋಡಿದೆ. ಕ್ಯೋಟೊದ ಬೆಟ್ಟದಂಚಿನ ದೇವಾಲಯಕ್ಕೆ ಹೋದ ದಿನ ಬರೆದದ್ದು ಇಷ್ಟೇ: "ಎಲೆಗಳು ಚೆನ್ನಾಗಿವೆ. ವಿಪರೀತ ಜನ. ಎಡಗಾಲಿನ ಶೂ ಕಚ್ಚುತ್ತಿದೆ." ಶೂ ಕಚ್ಚಿದ್ದು ನನಗೀಗ ಒಂಚೂರೂ ನೆನಪಿಲ್ಲ.

ಆದರೂ ಕೈಲಾಂಚದಲ್ಲಿರುವ ಅಣ್ಣನ ಮನೆಗೆ ಹೋದಾಗ ಅತ್ತಿಗೆಯ ಮುಂದೆ ವರ್ಣಿಸುವುದನ್ನು ಬಿಡಲಿಲ್ಲ. ಅಲ್ಲಿಯ ಜನ ಬುತ್ತಿ ಕಟ್ಟಿಕೊಂಡು, ರೈಲು ಹತ್ತಿ, ಬರೀ ಎಲೆ ನೋಡಲು ಹೋಗುತ್ತಾರೆ; ಅದಕ್ಕೆ ಮೊಮಿಜಿಗಾರಿ ಎನ್ನುತ್ತಾರೆ, ಕೆಂಪೆಲೆಯ ಬೇಟೆ ಎಂದರ್ಥ. ಕೆಂಪು ಮೊದಲು ಉತ್ತರದ ಹೊಕ್ಕೈಡೊ ಬೆಟ್ಟಗಳಿಗೆ ಹತ್ತಿ, ನಿಕ್ಕೊ ಕಡೆಯ ಸರೋವರಗಳಿಗಿಳಿದು, ನವೆಂಬರ್ ಕೊನೆಗೆ ಕ್ಯೋಟೊ ತಲುಪುತ್ತದೆ. ನಮ್ಮಲ್ಲಿ ಮಳೆಯ ಸುದ್ದಿ ಹೇಳುವ ಹಾಗೆ ಅಲ್ಲಿ ಯಾವ ಊರಿನ ಎಲೆ ಯಾವಾಗ ಕೆಂಪಾಗುತ್ತದೆಂದು ಹೇಳುತ್ತಾರೆ. ಒಸಾಕಾ ಹತ್ತಿರದ ಮಿನೊ ಎಂಬಲ್ಲಿ, ಜಲಪಾತಕ್ಕೆ ಹೋಗುವ ದಾರಿಯಲ್ಲಿ, ಮೇಪಲ್ ಎಲೆಯನ್ನು ಹಿಟ್ಟಿನಲ್ಲದ್ದಿ ಕರಿದು ಮಾರುತ್ತಾರೆ.

ಅತ್ತಿಗೆ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಎಲೆ ನೋಡಕೆ ಇಮಾನ ಹತ್ಕಂಡ್ ಹೋಗಿದ್ಯಾ? ಇಲ್ಲೇ ಬಂದಿದ್ರೆ ಕುಯ್ಯದೂ ಕಲೀತಿದ್ದೆ ಕಣಮ್ಮಿ. ಕರ್ದಿದ್ದು ಎಂಗಿತ್ತು?"

"ಸಿಹಿ. ಹಿಟ್ಟಿನ ರುಚೀನೇ ಜಾಸ್ತಿ."

"ಅಂಗಾರೆ ನಮ್ ದೊಡ್ಪತ್ರೆ ಬಜ್ಜೀನೇ ವಾಸಿ ಬುಡು."

ಅಲ್ಲಿಗೆ ಮುಗಿಯಿತೆಂದುಕೊಂಡೆ. ನಾನು ಸ್ಕೂಟರ್ ಹತ್ತುವಾಗ ಅವರು ಗೇಟಿನ ತನಕ ಬಂದರು. "ಆ ತರ ಕೆಂಪು ನಮ್ ಕಡೆ ಎಲ್ಲೂ ಇಲ್ವಾ?"

ಮದುವೆಯಾಗಿ ಬಂದಾಗಿನಿಂದ ಅವರು ಹುಳು ಸಾಕುತ್ತಿದ್ದಾರೆ. ಮದುವೆ, ಆಸ್ಪತ್ರೆ, ಮಾರುಕಟ್ಟೆ ಎಂದು ಹೊರಗೆ ಹೋಗಿದ್ದುಂಟು. ಎಲ್ಲಿಗೆ ಹೋದರೂ ಮುಂದಿನ ಸೊಪ್ಪಿನ ಹೊತ್ತಿಗೆ ವಾಪಸ್ಸು. ನೋಡುವುದಕ್ಕೆಂದೇ ಎಲ್ಲಿಗೂ ಹೋದವರಲ್ಲ.

ಮಾಗಡಿ ಕಡೆ, ಸಾವನದುರ್ಗದ ಕಾಡಂಚಿನಲ್ಲಿ ಸಾಗಡೆ ಮರಗಳಿವೆ ಎಂದೆ. ಶಿವರಾತ್ರಿ ಕಳೆದ ಮೇಲೆ ಚಿಗುರು ರಕ್ತಗೆಂಪಾಗಿ ಬರುತ್ತದೆ. ಜಪಾನಿನದು ಉದುರುವ ಎಲೆಯ ಕೆಂಪು, ಇದು ಹುಟ್ಟುವ ಎಲೆಯದು. ಒಂದು ವಾರ, ಹೆಚ್ಚೆಂದರೆ ಹತ್ತು ದಿನ, ಆಮೇಲೆ ಹಸಿರು.

"ಈ ಸಲ ನೋಡ್ಲೇಬೇಕು," ಅಂದರು.

ಹೇಳಿದ ಮೇಲೆ ನನಗೆ ದಿಗಿಲಾಯಿತು. ಆ ಮರಗಳನ್ನು ನಾನು ಕಂಡಿದ್ದು ಕಾಲೇಜಿನ ದಿನಗಳಲ್ಲಿ. ಕಂಡಿದ್ದೆನೋ, ಕ್ಯೋಟೊದ ಬಣ್ಣವನ್ನು ಆ ಹಳೆಯ ನೆನಪಿಗೆ ಬಳಿಯುತ್ತಿದ್ದೆನೋ? ಶಿವರಾತ್ರಿಯ ನಂತರದ ಭಾನುವಾರ ಒಬ್ಬಳೇ ಹೋಗಿ ನೋಡಿಬಂದೆ. ಇದ್ದವು, ತುಂಬು ಕೆಂಪಿನಲ್ಲಿದ್ದವು. ಅಲ್ಲಿಂದಲೇ ಫೋನ್ ಮಾಡಿದೆ.

"ಹುಳ ಮೂರ್ನೇ ಜ್ವರಕ್ಕೆ ಕೂರ್ಲಿ," ಅಂದರು ಅತ್ತಿಗೆ. "ಕೂತ್ರೆ ಒಂದಿನ ಸೊಪ್ಪು ಕೇಳಕಿಲ್ಲ. ಅವತ್ತೇ ಹೋಗವ."

ಈ ಜ್ವರ ಕಾಯಿಲೆಯಲ್ಲ. ಬೆಳೆಯುವಾಗ ನಾಲ್ಕು ಸಲ ಹುಳು ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಪೊರೆ ಕಳಚುತ್ತದೆ. ಸಾಕುವವರ ಮನೆಗೆ ಸಿಗುವ ರಜೆ ಅಷ್ಟೇ.

ಸೋಮವಾರ ಮೋಡ ಕವಿಯಿತು. ಚಳಿಗೆ ಹುಳು ನಿಧಾನ. ಮಂಗಳವಾರವೂ ಹಾಗೇ. "ಇನ್ನೂ ಮೇಯ್ತಾ ಅವೆ ಮುಂಡೇವು," ಎಂದು ಫೋನಿನಲ್ಲಿ ಬೈದರು. ನಾನು ಮತ್ತೆ ಸಾವನದುರ್ಗಕ್ಕೆ ಹೋಗಿ ಬಂದೆ. ಕೆಳಗಿನ ಕೊಂಬೆಗಳ ಎಲೆ ಆಗಲೇ ಹಸಿರಿಗೆ ತಿರುಗುತ್ತಿತ್ತು. ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಹುಳುಗಳನ್ನು ಇನ್ನೂ ಬೈಯುತ್ತಿದ್ದರು.

ಬುಧವಾರ ಮಧ್ಯಾಹ್ನ ಫೋನ್ ಬಂತು. "ಕೂತ್ಬುಟ್ಟೊ ಕಣಮ್ಮಿ! ಬೆಳಿಗ್ಗೇಗೆ ಬಂದ್ಬುಡು."

ಗುರುವಾರ ಹೋದಾಗ ಹುಳುವಿನ ತಟ್ಟೆಗಳ ಮೇಲೆ, ತೇವ ಹೀರಲೆಂದು, ಸುಣ್ಣದ ಪುಡಿ ಉದುರಿಸಿ, ಪುಳಿಯೋಗರೆ ಡಬ್ಬಿ ಹಿಡಿದು ನಿಂತಿದ್ದರು. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಅಣ್ಣನಿಗೆ ಅವತ್ತು ವಾರದ ರಜೆ. "ದಿನಾ ಎಲೆ ಹೆಚ್ಚೋಳು ರಜಾ ಸಿಕ್ಕುದ್ರೆ ಎಲೆ ನೋಡಕೇ ಹೋಯ್ತಾಳಲ್ಲ," ಅಂದ.

"ನೀವು ಹುಳ ನೋಡ್ಕಳಿ. ಎದ್ದಂಗ್ ಕಂಡ್ರೆ ಫೋನ್ ಮಾಡಿ."

ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ತೋಟಗಳ ಪರೀಕ್ಷೆ ನಡೆಯಿತು: ಇವನ ಸೊಪ್ಪು ಬಲಿತುಹೋಗಿದೆ, ಅವನದಕ್ಕೆ ನೀರು ಸಾಲದು. ಸಾಗಡೆ ಮರ ಸಿಕ್ಕಿದಾಗಲೂ ಮೊದಲು ಮಾಡಿದ್ದು ಅದೇ. ಒಂದು ಎಲೆ ಬಗ್ಗಿಸಿಕೊಂಡು ಬೆರಳಲ್ಲಿ ಹೊಸಕಿ ಮೂಸಿದರು.

"ರಸ ಇಲ್ಲ. ಹುಳ ಮೂಸೂ ನೋಡಕಿಲ್ಲ ಇದುನ್ನ."

ಆಮೇಲೆ ತಲೆ ಎತ್ತಿದರು. ಮೇಲಿನ ಕೊಂಬೆಗಳೆಲ್ಲ ಇನ್ನೂ ಕೆಂಪಾಗಿದ್ದವು. ಎಳೆ ಎಲೆಗಳು ಬಲವಿಲ್ಲದೆ ಜೋತುಬಿದ್ದಿದ್ದವು. ಬಿಸಿಲು ಅವುಗಳೊಳಗಿಂದ ಹಾದು ಅತ್ತಿಗೆಯ ಸೀರೆಯ ಮೇಲೆ ಬಿದ್ದಿತ್ತು. ಒಂದು ಬಂಡೆಯ ಮೇಲೆ ಕೂತರು. ಕೊಂಬೆಯಿಂದ ಕೊಂಬೆಗೆ ನೋಡುತ್ತಾ ಹೋದರು.

"ಇದುನ್ನ ಕುಯ್ಯಂಗಿಲ್ಲ, ಹೆಚ್ಚಂಗಿಲ್ಲ," ಎಂದರು ಕೊನೆಗೆ. "ಬರೀ ನೋಡದು." ಹೇಳುತ್ತಲೇ ನಗು ಬಂತು ಅವರಿಗೆ. "ಆ ಜಪಾನಿಂದಕ್ಕಿಂತ ಕೆಂಪಾ?"

"ಗೊತ್ತಿಲ್ಲ ಅತ್ತಿಗೆ. ಅದು ನಿಜವಾಗಿ ಹೇಗಿತ್ತು ಅನ್ನೋದೇ ಮರ್ತುಹೋಗಿದೆ."

"ಅಂಗಾರೆ ಇದೇ ಜಾಸ್ತಿ ಅಂತ ಬರ್ಕೊ."

ಹುಲ್ಲಿನ ಹೊರೆ ಹೇರಿಕೊಂಡು ಮೊಪೆಡ್‌ನಲ್ಲಿ ಬಂದ ಒಬ್ಬಾತ ನಿಲ್ಲಿಸಿದ. "ಏನವ್ವ, ಏನಾರ ಕಳ್ಕಂಡ್ರಾ?"

"ಇಲ್ಲಪ್ಪ, ಎಲೆ ನೋಡ್ತಾ ಇವ್ನಿ."

"ಯಾವ ಔಸ್ದಿಗೆ?"

"ಔಸ್ದಿಗಲ್ಲ. ಸುಮ್ಕೆ."

ಅವನು ಅನುಮಾನದಿಂದ ಮೇಲೆ ನೋಡಿದ. ಇಂಜಿನ್ ಆರಿಸಿ ಇನ್ನೊಮ್ಮೆ ನೋಡಿದ. "ದಿನಾ ಇಲ್ಲೇ ಓಡಾಡ್ತೀನಿ ಕಣವ್ವ," ಎಂದು, ತಪ್ಪು ಒಪ್ಪಿಕೊಂಡವನಂತೆ ಹೇಳಿ ಹೊರಟ.

ಡಬ್ಬಿ ತೆಗೆಯುವಷ್ಟರಲ್ಲಿ ಅಣ್ಣನ ಫೋನ್. ಅತ್ತಿಗೆ ಸ್ಪೀಕರ್ ಹಾಕಿದರು. "ಒಂದ್ ಅತ್ತಿಪ್ಪತ್ತು ಎದ್ದವೆ ಕಣೇ. ತಲೆ ಆಡುಸ್ತಾವೆ. ಬಂದ್ಬುಡಿ."

ನಾನು ಬೇಸರದಿಂದ ಸ್ಕೂಟರಿನ ಕೀಲಿ ತೆಗೆದೆ. ಅತ್ತಿಗೆ ನನ್ನ ಕೈ ಹಿಡಿದು ಕೂರಿಸಿದರು.

"ಎಲ್ಲಾ ಎದ್ಮೇಲೇ ಸೊಪ್ಪು," ಎಂದು ಫೋನಿಗೆ ಹೇಳಿದರು. "ಮೊದ್ಲು ಎದ್ದವ್ಕೆ ಹಾಕುದ್ರೆ ಹಿಂದಿನವು ಹಿಂದೇ ಉಳ್ಕತವೆ. ಒಸಿ ಕಾಯ್ಲಿ."

"ಎಷ್ಟೊತ್ತು?"

"ಸಂಜೆಗಂಟ."

ಇದು ಹುಳು ಸಾಕುವ ನಿಯಮವೇ, ಒಂದಕ್ಷರ ಸುಳ್ಳಿಲ್ಲ. ಆದರೂ ಫೋನ್ ಇಟ್ಟು ಅವರು ನಕ್ಕ ರೀತಿ ಬೇರೆಯೇ ಇತ್ತು. ಚಪ್ಪಲಿ ಬಿಟ್ಟು, ಕಾಲು ಚಾಚಿ, ಪುಳಿಯೋಗರೆಯನ್ನು ಎರಡು ಪಾಲು ಮಾಡಿ, ದೂರದ ಬಂಡೆಯ ಬುಡಕ್ಕೆ ಕೈ ತೋರಿಸಿದರು.

"ಅಲ್ಲೂ ಒಂದ್ ಕೆಂಪು ಕಾಣ್ತದಲ್ಲ? ಉಂಡ್ಬುಟ್ಟು ಅಲ್ಲಿಗೂ ಹೋಗವ."