ಡ್ರೆಸ್ಸಿಂಗ್ ಹೊತ್ತಿನ ನೀರುನಾಯಿ

ಹಂಪನಕಟ್ಟೆಯ ಕಡೆಯಿಂದ ಮೊದಲ ಸಿಟಿ ಬಸ್ಸುಗಳ ಹಾರ್ನ್ ಕೇಳಿಸುವ ಹೊತ್ತಿಗೆ ಶಶಿಪ್ರಭಾ ಮಕ್ಕಳ ವಾರ್ಡಿನ ಅರ್ಧ ಹಾಸಿಗೆಗಳ ಬಟ್ಟೆ ಬದಲಾಯಿಸಿ ಮುಗಿಸಿರುತ್ತಾರೆ. ಬಕೆಟ್ಟಿನಲ್ಲಿ ಫಿನಾಯಿಲ್ ಬೆರೆತಿದೆ, ಒಳಗೆ ಬಿಸಿನೀರು ಕುದಿಯುತ್ತಿದೆ. ಅಷ್ಟರಲ್ಲಿ ಆ ತುದಿಯಿಂದ ಟ್ರಾಲಿಯ ಸದ್ದು ಬಂದದ್ದೇ ತಡ, ಎಚ್ಚರವಿದ್ದ ಮಕ್ಕಳೆಲ್ಲ ಗಪ್ಪನೆ ಕಣ್ಣು ಮುಚ್ಚಿ ನಿದ್ದೆಯ ನಾಟಕ ಶುರು ಮಾಡುತ್ತಾರೆ. ಗಾಯದ ಹಳೆಯ ಬಟ್ಟೆ ಬಿಚ್ಚಿ ಹೊಸದು ಕಟ್ಟುವ ಡ್ರೆಸ್ಸಿಂಗ್ ಟ್ರಾಲಿ ಅದು. ಇಡೀ ದಿನದಲ್ಲಿ ಮಕ್ಕಳು ಹೆದರುವ ಹೊತ್ತೆಂದರೆ ಇದೊಂದೇ.

ಶಶಿಪ್ರಭಾ ಚಪ್ಪಲಿ ಬಿಟ್ಟು ಮಂಚ ಹತ್ತುತ್ತಾರೆ. ಮಗುವಿನ ಬೆನ್ನ ಹಿಂದೆ ಕುಳಿತು, ಅದನ್ನು ಮಡಿಲಿಗೆ ಎಳೆದುಕೊಂಡು, ಒಂದು ತೋಳಲ್ಲಿ ಗಟ್ಟಿಯಾಗಿ ಬಳಸಿ ಹಿಡಿಯುತ್ತಾರೆ. ಇನ್ನೊಂದು ಕೈಯಲ್ಲಿ ಪುಸ್ತಕ ಬಿಚ್ಚುತ್ತಾರೆ. "ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು ಮಾರಾಯ? ಕಾಡುಹಂದಿ ಬಿದ್ದುಕೊಂಡಿತ್ತಲ್ಲ?" ಪುಟದ ತುಂಬ ಜಪಾನಿನ ಉಡುಪು ತೊಟ್ಟು ಕತ್ತಿ ಹಿರಿದು ನಿಂತ ಒಂದು ನೀರುನಾಯಿ. ಸ್ಟಾಫ್ ನರ್ಸ್ ಡ್ಯಾಫ್ನಿ ಅಂಟಿಕೊಂಡ ಬಟ್ಟೆಯನ್ನು ಒದ್ದೆ ಮಾಡಿ ಬಿಡಿಸುತ್ತಿರುವಾಗ ಮಗುವಿನ ಕಣ್ಣು ಗಾಯದ ಮೇಲೆ ಇರಕೂಡದು. ಆ ಕಣ್ಣನ್ನು ಹಿಡಿದಿಟ್ಟುಕೊಳ್ಳುವುದು ಶಶಿಪ್ರಭಾ ಅವರ ಕೆಲಸ. ಕೆಲಸದ ಪಟ್ಟಿಯಲ್ಲಿ ಅದು ಎಲ್ಲಿಯೂ ಇಲ್ಲ.

ನಗರದ ಆಸ್ಪತ್ರೆಯೊಂದರಲ್ಲಿ ಗುತ್ತಿಗೆ ಆಯಾ ಆಗಿ ಇವರಿಗೆ ಇಪ್ಪತ್ತು ವರ್ಷ ಆಗುತ್ತ ಬಂತು. ಅದಕ್ಕೆ ಮೊದಲು ಬೀಡಿ ಕಟ್ಟುತ್ತಿದ್ದರು. ಗಂಡ ಲೋಕನಾಥ ಹಂಚಿನ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ಮುಚ್ಚಿದ ವರ್ಷ ಇವರು ಆಸ್ಪತ್ರೆ ಸೇರಿದರು. ಹಾಸಿಗೆ ಬಟ್ಟೆ, ಬೆಡ್‌ಪ್ಯಾನ್, ವಾಂತಿ, ನೆಲ ಒರೆಸುವುದು, ಎಕ್ಸ್‌ರೇಗೆ ಎತ್ತಿಕೊಂಡು ಹೋಗುವುದು. "ಮಕ್ಕಳನ್ನು ಹಿಡ್ಕೊಳ್ಳುದು ಮಾತ್ರ ನಾನೇ ಕೇಳಿ ತಕ್ಕೊಂಡದ್ದು. ಮೊದಲು ಇಬ್ಬರು ಮೂವರು ಸೇರಿ ಒತ್ತಿ ಹಿಡೀತಿದ್ರು. ಅದು ನೋಡ್ಲಿಕ್ಕೆ ಆಗ್ತಿರ್ಲಿಲ್ಲ" ಎನ್ನುತ್ತಾರೆ.

ನೀರುನಾಯಿ ವಾರ್ಡಿಗೆ ಬಂದದ್ದು ದುಬೈಯಿಂದ. ಅಲ್ಲಿ ಒಂದು ಕಟ್ಟಡದ ವಾಚ್‌ಮನ್ ಆಗಿದ್ದ ಅಬ್ದುಲ್ ರಹ್ಮಾನ್ ಎಂಬವರಿಗೆ, ಮನೆ ಖಾಲಿ ಮಾಡಿ ಹೊರಟ ಜಪಾನೀ ಕುಟುಂಬವೊಂದು ಮಕ್ಕಳ ಪುಸ್ತಕಗಳ ಪೆಟ್ಟಿಗೆಯನ್ನೇ ಕೊಟ್ಟುಬಿಟ್ಟಿತ್ತು. ಇಲ್ಲಿ ಮಗಳು ಶೈಮಾ ಸುಟ್ಟ ಕಾಲು ವಾಸಿಯಾಗಿ ಮನೆಗೆ ಹೊರಟ ದಿನ ಅವರು ಆ ಪೆಟ್ಟಿಗೆಯನ್ನು ವಾರ್ಡಿಗೇ ಬಿಟ್ಟು ಹೋದರು. ಅಕ್ಷರ ಯಾರಿಗೂ ಬರುವುದಿಲ್ಲ. ಕತ್ತಿ, ಉಡುಪು ನೋಡಿ ಡ್ಯಾಫ್ನಿ "ಇವರಿಗೆ ಸಮುರಾಯ್ ಅಂತ ಹೇಳುದು, ಜಪಾನಿನ ಯೋಧರು" ಎಂದಷ್ಟೇ ಹೇಳಿದರು. ಉಳಿದದ್ದನ್ನೆಲ್ಲ ಶಶಿಪ್ರಭಾ ಚಿತ್ರ ನೋಡಿಯೇ ಹೇಳಿದರು.

ಆ ಕತೆಯೋ, ಕೇಳಿದವರ ಬಾಯಿ ತೆರೆದೇ ಉಳಿಯಬೇಕು! ಮೊದಲ ಪುಟದಲ್ಲಿ ನೀರುನಾಯಿಗೆ ಒಂದೇ ಕೈ. ಆಮೇಲೆ ಅದು ಕತ್ತಿ ಎತ್ತಿದ ಹಾಗೆಲ್ಲ ನೆಲದಲ್ಲಿ ಸತ್ತು ಬಿದ್ದಿದ್ದ ಕಾಡುಹಂದಿಗಳು, ನರಿಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಹೋದ ಕೈ ಪುನಃ ಬರುತ್ತದೆ. ಬೂದಿಯಾಗಿದ್ದ ಊರು ಪುಟ ತಿರುಗಿಸಿದಂತೆ ಬೆಂಕಿಯೊಳಗಿಂದ ಮರಳಿ ಮನೆಗಳಾಗುತ್ತದೆ. ಕೊನೆಗೆ ತಾಯಿ ನೀರುನಾಯಿ ಅನ್ನದ ಉಂಡೆ ಕೊಡುತ್ತಾಳೆ. ಕೊಲ್ಲುವ ಕತ್ತಿಗಳನ್ನು ಮಕ್ಕಳು ಟಿ.ವಿ.ಯಲ್ಲಿ ಬೇಕಾದಷ್ಟು ನೋಡಿದ್ದಾರೆ. ಸತ್ತವರನ್ನು ಎಬ್ಬಿಸುವ ಕತ್ತಿಯನ್ನು ಎಲ್ಲಿ ನೋಡಬೇಕು? ಸುಟ್ಟ ಮಕ್ಕಳು, ಮುರಿದ ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಪ್ರಾಣಿಗಳ ಕತೆಯೇ ಯಾಕೆ ಎಂದರೆ ಶಶಿಪ್ರಭಾ ಅವರಲ್ಲಿ ಉತ್ತರ ಸಿದ್ಧವಿದೆ. "ಮನುಷ್ಯರ ಚಿತ್ರ ಆದ್ರೆ ಇವ ಯಾರು, ಯಾವ ಊರಿನವ, ನಮ್ಮವನಾ ಅಂತ ಕೇಳ್ತಾರೆ. ನೀರುನಾಯಿಗೆ ಎಂತ ಊರು, ಎಂತ ಜಾತಿ? ಮತ್ತೆ ಒಂದುಂಟು. ಮನುಷ್ಯನ ಮುಖದಲ್ಲಿ ನೋವು ಕಂಡ್ರೆ ಮಕ್ಕಳು ಹೆದರ್ತಾರೆ. ಪ್ರಾಣಿಯ ಮುಖದಲ್ಲಿ ಕಂಡ್ರೆ ಪಾಪ ಅಂತಾರೆ. ಪಾಪ ಅಂದ ಕೂಡ್ಲೆ ಅವರ ಹೆದರಿಕೆ ಅರ್ಧ ಹೋಗ್ತದೆ."

ಹೀಗೆ ಚೆನ್ನಾಗಿಯೇ ನಡೆಯುತ್ತಿತ್ತು, ಕಳೆದ ಫೆಬ್ರವರಿಯಲ್ಲಿ ಬೆಂಗ್ರೆಯ ಫಾಝಿಲ್ ಬರುವ ತನಕ. ಒಂಬತ್ತು ವರ್ಷದ ಹುಡುಗ. ಆಟಕ್ಕೆಂದು ಐಸ್ ಚೂರು ಹೆಕ್ಕಲು ಹೋದವನ ಎಡಗೈ ಮೀನಿಗೆ ಹಾಕುವ ಐಸ್ ಪುಡಿ ಮಾಡುವ ಯಂತ್ರಕ್ಕೆ ಸಿಕ್ಕಿತು. ಮೊಣಕೈಯ ಕೆಳಗೆ ಉಳಿಸಲು ಏನೂ ಇರಲಿಲ್ಲ. ತಾಯಿ ಹಸಿ ಬಾಣಂತಿ, ತಂದೆ ಕೊಲ್ಲಿ ದೇಶದಲ್ಲಿ. ಜೊತೆಗೆ ನಿಂತವರು ಅಜ್ಜಿ ಅಲೀಮಮ್ಮ.

ಮೊದಲ ಡ್ರೆಸ್ಸಿಂಗಿನಲ್ಲಿ ಅವನ ಕೂಗಿಗೆ ವಾರ್ಡೇ ನಡುಗಿತು. ಎರಡನೆಯ ದಿನ ಶಶಿಪ್ರಭಾ ಪುಸ್ತಕ ಬಿಚ್ಚಿದರು. ಒಂದು ಕೈಯ ನೀರುನಾಯಿಯನ್ನು ಕಂಡವನೇ ಫಾಝಿಲ್ ಸುಮ್ಮನಾದ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕತೆ ಮುಂದೆ ಹೋಯಿತು. ಕೈ ಬರುವ ಪುಟ ಬಂದಾಗ ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿದ. "ಬಂತಾ ಆಂಟಿ?" ಎಂದು ಕೇಳಿದ. "ಬಂತಲ್ಲ, ನೋಡು" ಎಂದರು ಶಶಿಪ್ರಭಾ. ಆ ದಿನ ಅವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಂಥ ಧೈರ್ಯದ ಹುಡುಗ ಎಂದು ಡಾಕ್ಟರೂ ಬೆನ್ನು ತಟ್ಟಿದರು.

ಮರುದಿನ ಬಟ್ಟೆ ಬಿಚ್ಚುವಾಗ ಫಾಝಿಲ್ ಮೆಲ್ಲಗೆ ಕೇಳಿದ, "ಸಿಸ್ಟರ್, ಎಷ್ಟು ಬಂತು?"

"ಎಂತ ಎಷ್ಟು ಬಂತು?" ಎಂದರು ಡ್ಯಾಫ್ನಿ.

"ಕೈ."

ಡ್ಯಾಫ್ನಿಯವರ ಕೈಯಲ್ಲಿದ್ದ ಇಕ್ಕಳ ಟ್ರೇಗೆ ಬಿತ್ತು. ಹುಡುಗನ ಧೈರ್ಯದ ಗುಟ್ಟು ಇದು! ಅವನು ನೋವು ನುಂಗುತ್ತಿದ್ದದ್ದು ಬಟ್ಟೆಯೊಳಗೆ ಕೈ ಬೆಳೆಯುತ್ತಿದೆ ಎಂಬ ನಂಬಿಕೆಯಲ್ಲಿ.

ಮೊಮ್ಮಗನ ತಲೆಗೆ ಇದನ್ನು ತುಂಬಿದ ಪುಸ್ತಕ ಯಾವುದು ನೋಡೋಣ ಎಂದು ಅಲೀಮಮ್ಮ ಅದನ್ನು ಕೈಗೆತ್ತಿಕೊಂಡರು. ಅವರು ಚಿಕ್ಕಂದಿನಲ್ಲಿ ಮದರಸದಲ್ಲಿ ಓದಿದ್ದು ಖುರ್‌ಆನ್ ಮಾತ್ರ. ಪುಸ್ತಕ ಎಂದರೆ ಬಲಗಡೆಯಿಂದ ಬಿಚ್ಚುವುದು, ಬಲದಿಂದ ಎಡಕ್ಕೆ ನೋಡುವುದು. ಅವರಿಗೆ ಬೇರೆ ಕ್ರಮ ಗೊತ್ತಿಲ್ಲ. ಹಾಗೇ ಬಿಚ್ಚಿದರು. ನಿಧಾನಕ್ಕೆ ಪುಟ ತಿರುಗಿಸುತ್ತ ಹೋದವರು ನಡುವೆ ನಿಂತರು.

"ಶಶಿ, ಇಲ್ಲಿ ಬಾ. ಕೈ ಬರುವುದು ಎಲ್ಲಿ ಉಂಟು ಇದರಲ್ಲಿ? ಇದು ಕೈ ಹೋಗುವ ಕತೆ ಅಲ್ವಾ?"

ಶಶಿಪ್ರಭಾ ಬಗ್ಗಿ ನೋಡಿದರು. ತಾಯಿ ಅನ್ನದ ಉಂಡೆ ಕೊಟ್ಟು ಮಗನನ್ನು ಕಳುಹಿಸುತ್ತಿದ್ದಾಳೆ. ಊರಿಗೆ ಬೆಂಕಿ ಬೀಳುತ್ತದೆ. ಕಾಡುಹಂದಿಯ ಕತ್ತಿ ಇಳಿಯುತ್ತದೆ. ಕೈ ನೆಲದಲ್ಲಿದೆ. ಬಿದ್ದವರು ಬಿದ್ದೇ ಇದ್ದಾರೆ, ಒಬ್ಬರೂ ಏಳುವುದಿಲ್ಲ. ಡ್ಯಾಫ್ನಿ ಮೊಬೈಲಿನಲ್ಲಿ ಹುಡುಕಿ, "ಹೌದಂತೆ ಶಶಿಯಕ್ಕ, ಜಪಾನಿನವರು ಬಲದಿಂದಲೇ ಓದುದಂತೆ" ಎಂದಾಗ ಶಶಿಪ್ರಭಾ ಅಲ್ಲೇ ನೆಲದಲ್ಲಿ ಕುಳಿತುಬಿಟ್ಟರು.

"ಎಷ್ಟು ಮಕ್ಕಳಿಗೆ ಹೇಳಿದೆ ನಾನು! ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸಿದೆ. ನನಗೆ ಒಂದು ದಿನವೂ ಡೌಟು ಬರ್ಲಿಲ್ಲ ಮಾರಾಯ್ರೆ" ಎನ್ನುವಾಗ ಇಂದಿಗೂ ಅವರ ಕೈ ಬಾಯಿಯ ಮೇಲೆ ಹೋಗುತ್ತದೆ.

ಹುಡುಗನಿಗೆ ಹೇಳುವುದೋ ಬೇಡವೋ ಎಂಬ ಮಾತು ಬಂತು. "ಡಿಸ್ಚಾರ್ಜ್ ಆಗುವ ತನಕ ಹಾಗೇ ಬಿಡಿ. ಡ್ರೆಸ್ಸಿಂಗ್ ಆದ್ರೂ ಸುಲಭ ಆಗ್ತದೆ" ಎಂದರು ಡ್ಯಾಫ್ನಿ. ಅಲೀಮಮ್ಮ ಒಪ್ಪಲಿಲ್ಲ. "ಮನೆಗೆ ಹೋದ ಮೇಲೆ ದಿನಾ ನನ್ನತ್ರ ಕೇಳ್ತಾನೆ ಅವ. ಎಂತ ಹೇಳಲಿ ನಾನು? ನನ್ನ ಬಾಯಿಯಿಂದ ಬರುದಿಲ್ಲ ಶಶಿ. ಹೇಳಿದ್ದು ನೀನು, ನೀನೇ ಹೇಳು."

ಮರುದಿನ ಟ್ರಾಲಿ ಬರುವ ಮೊದಲೇ ಶಶಿಪ್ರಭಾ ಅವನ ಮುಂದೆ ಕುಳಿತರು. ಬೆನ್ನ ಹಿಂದೆ ಕುಳಿತು ಹೇಳುವ ಮಾತು ಅದಲ್ಲ ಎಂದು ಅವರಿಗೆ ಅನಿಸಿತ್ತು. "ಫಾಝಿಲ್, ನಾನು ಪುಸ್ತಕ ತಪ್ಪು ಕಡೆಯಿಂದ ಬಿಚ್ಚಿದ್ದು. ಕತೆ ಇರುವುದು ಈ ಕಡೆಯಿಂದ."

ಅವನು ಪುಸ್ತಕ ನೋಡಿದ. ಅವರ ಮುಖ ನೋಡಿದ. "ಹಾಗಾದ್ರೆ ಕೈ?"

"ಬರುದಿಲ್ಲ ಮಗಾ."

ಹುಡುಗ ಅಳಲಿಲ್ಲ. ಕಾಲಿನಿಂದ ಪುಸ್ತಕವನ್ನು ಮಂಚದ ಕೆಳಗೆ ದೂಡಿದ. "ನೀವು ನನ್ನನ್ನು ಮುಟ್ಬೇಡಿ" ಎಂದ.

ಇಪ್ಪತ್ತು ವರ್ಷದಲ್ಲಿ ಈ ಮಾತನ್ನು ಒಂದು ಮಗುವೂ ಅವರಿಗೆ ಹೇಳಿದ್ದಿಲ್ಲ. ಅಂದಿನಿಂದ ಬೇರೆ ಆಯಾ ಒಬ್ಬರು ಫಾಝಿಲ್‌ನನ್ನು ಹಿಡಿದರು, ಅಜ್ಜಿ ಕಾಲು ಒತ್ತಿದರು. ಮೊದಲ ದಿನದ ಕೂಗು ಮತ್ತೆ ಶುರುವಾಯಿತು. ಆ ಹೊತ್ತಿಗೆ ಶಶಿಪ್ರಭಾ ಒಳಗೆ ಬೆಡ್‌ಪ್ಯಾನ್ ತೊಳೆಯುತ್ತ ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುತ್ತಿದ್ದರು. ಆದರೂ ಕೇಳಿಸುತ್ತಿತ್ತು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಮನೆಯಲ್ಲಿ ಗಂಡನಿಗೆ ಹೇಳಿದರಂತೆ. ಮನಸ್ಸಿಗೆ ಅಷ್ಟು ತಾಗಿತ್ತು.

ಅವರು ಬಿಡಲಿಲ್ಲ. ಒಂದು ಬೆಳಿಗ್ಗೆ ಹಾಸಿಗೆ ಬಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಿದ್ದವರು ಫಾಝಿಲ್‌ನ ಮಂಚದ ಹತ್ತಿರ ತಟ್ಟನೆ ನಿಲ್ಲುತ್ತಾರೆ. ಪುಸ್ತಕ ಅವನ ತೊಡೆಯ ಮೇಲಿದೆ, ಬಲಗಡೆಯಿಂದ ಬಿಚ್ಚಿಕೊಂಡಿದೆ. ಬ್ಯಾಂಡೇಜಿನ ತುದಿಯಿಂದ ಪುಟವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತಿರುಗಿಸುತ್ತಿದ್ದಾನೆ. ಅವರು ಸದ್ದು ಮಾಡದೆ ದಾಟಿ ಹೋಗಬೇಕೆಂದಿದ್ದಾಗ ಅವನು ತಲೆ ಎತ್ತದೆಯೇ ಮಾತಾಡುತ್ತಾನೆ.

"ಆಂಟಿ, ಇದರಲ್ಲಿ ಒಂದು ಚಿತ್ರ ಇಲ್ಲ."

"ಯಾವುದು ಮಗಾ?"

"ಇಲ್ಲಿ ಕೈ ಹೋಯ್ತು. ಮುಂದಿನ ಚಿತ್ರದಲ್ಲಿ ಆಗ್ಲೇ ಬಟ್ಟೆ ಕಟ್ಟಿ ಆಗಿದೆ. ನಡುವೆ ಎಂತದೂ ಇಲ್ಲ."

"ಯಾರೋ ಡಾಕ್ಟ್ರು ಕಟ್ಟಿದ್ದಿರ್ಬೇಕು."

"ಕಟ್ಟಿದ್ದು ಡಾಕ್ಟ್ರು. ಕಟ್ಟುವಾಗ ಅವನನ್ನು ಹಿಡ್ಕೊಂಡದ್ದು ಯಾರು? ಒಬ್ಬನಿಗೇ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ನನಗೆ ಗೊತ್ತುಂಟು."

ಶಶಿಪ್ರಭಾ ಬಗ್ಗಿ ಪುಟ ನೋಡುತ್ತಾರೆ. ಎಷ್ಟೋ ಸಲ ಆ ಪುಟ ತಿರುಗಿಸಿದ್ದಾರೆ. ಅಲ್ಲಿ ಒಬ್ಬರು ಇರಬೇಕಿತ್ತು ಎಂದು ಅವರಿಗೇ ಒಂದು ದಿನವೂ ಹೊಳೆದಿರಲಿಲ್ಲ.

"ಇದ್ದಿರ್ಬೇಕು ಯಾರೋ ಒಬ್ರು" ಎನ್ನುತ್ತಾರೆ ಕೊನೆಗೆ.

"ಮತ್ತೆ ಅವರದ್ದು ಯಾಕೆ ಬಿಡಿಸ್ಲಿಲ್ಲ?"

"ಅದು ಅಷ್ಟು ದೊಡ್ಡ ಕೆಲಸ ಅಲ್ಲಲ್ಲ ಮಗಾ. ಅದಕ್ಕೆ ಇರ್ಬೇಕು."

ಫಾಝಿಲ್ ಮೊದಲ ಬಾರಿ ತಲೆ ಎತ್ತಿ ಅವರನ್ನು ದುರುಗುಟ್ಟಿ ನೋಡುತ್ತಾನೆ. ಅಷ್ಟರಲ್ಲಿ ಡ್ಯಾಫ್ನಿ ಗ್ಲೌಸ್ ಹಾಕಿಕೊಳ್ಳುತ್ತ ಅವನ ಮಂಚದ ಕಡೆಗೇ ಬರುತ್ತಾರೆ. ಅವನು ಪುಸ್ತಕ ಮುಚ್ಚಿ ಪಕ್ಕಕ್ಕಿಡುತ್ತಾನೆ. ಒಂದೇ ಕೈಯೂರಿ ಮಂಚದಲ್ಲಿ ಮುಂದಕ್ಕೆ ಸರಿದು, ತನ್ನ ಬೆನ್ನ ಹಿಂದೆ ಒಬ್ಬರು ಕೂರುವಷ್ಟು ಜಾಗ ಬಿಡುತ್ತಾನೆ.